ಸಸ್ಯವೈದ್ಯ ಕೋಲ್ಮನ್

ಕಡೂರು ತಾಲ್ಲೂಕಿನ ದೇವನೂರು, ಕವಿ ಲಕ್ಷ್ಮೀಶನ ಹೆಸರಿನೊಡನೆ ಕನ್ನಡಿಗರ ನೆನಪಿನಲ್ಲಿ ನೆಲೆಸಿರುವ ಊರು. ಬಾಬಾಬುಡನ್ ಗಿರಿಶ್ರೇಣಿಯ ಪೂರ್ವಕ್ಕೆ ಹಬ್ಬಿರುವ ಬಯಲುಸೀಮೆಗೆ ಇದು ಸೇರಿದೆ. ಮುಂಗಾರಿನ ಮೋಡಗಳು ಇಲ್ಲಿನ ಆಕಾಶದಲ್ಲಿ ಹಾದುಹೋಗುತ್ತವೆಯೇ ಹೊರತು, ನಿಂತು ಸುರಿಯುವುದು ಅಪರೂಪ. ಕಡೂರಿನ ಸುತ್ತ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್ ಮಾತ್ರ. ಅದೇ ಬೆಟ್ಟಗಳನ್ನು ದಾಟಿ ಪಶ್ಚಿಮಕ್ಕೆ, ಕೊಪ್ಪ ಶೃಂಗೇರಿಗಳ ಕಡೆಗೆ ಸಾಗಿದರೆ ಮಳೆಯ ಪ್ರಮಾಣ ಇದರ ನಾಲ್ಕೈದು ಪಟ್ಟಾಗುತ್ತದೆ. ಅಲ್ಲಿ ಆಷಾಢ ಶ್ರಾವಣಗಳಲ್ಲಿ ವಾರಗಟ್ಟಲೆ ಸೂರ್ಯದರ್ಶನವಾಗುವುದಿಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ ಒಣ ಬಯಲು ಮತ್ತು ತೊಯ್ದ ಮಲೆನಾಡು ಎಂಬ ಈ ಎರಡು ಸೀಮೆಗಳೂ ಕಡೂರು ಜಿಲ್ಲೆಯೆಂಬ ಒಂದೇ ಹೆಸರಿನಡಿ ಸೇರಿದ್ದವು.

ಈ ಎರಡು ಸೀಮೆಗಳಲ್ಲಿಯೂ ಅಡಿಕೆ ಬೆಳೆಯುತ್ತದೆ. ಕಡೂರು, ತರೀಕೆರೆಗಳ ತೋಟಗಳು ಕೆರೆ, ಕಾಲುವೆ, ಬಾವಿಗಳ ನೀರನ್ನು ನಂಬಿ ನಿಂತಿದ್ದರೆ, ಮಲೆನಾಡಿನ ತೋಟಗಳು ಕಣಿವೆಗಳ ತಂಪಿನಲ್ಲಿ ಬೆಳೆಯುತ್ತವೆ. ಮರ ಒಂದೇ, ಕಾಯಿಯೂ ಒಂದೇ. ಆದರೆ ಮಲೆನಾಡಿನ ಅಡಿಕೆಯನ್ನು ತಲೆತಲಾಂತರದಿಂದ ಕಾಡಿದ ಕೊಳೆರೋಗವು ಬಯಲಿನ ತೋಟಗಳನ್ನು ಬಹುಮಟ್ಟಿಗೆ ಮುಟ್ಟದೆ ಬಿಟ್ಟಿತ್ತು. ಒಂದೇ ಮರಕ್ಕೆ ಬೆಟ್ಟದ ಆಚೆಗೊಂದು, ಈಚೆಗೊಂದು ವಿಧಿ ಏಕೆ? ಈ ಪ್ರಶ್ನೆಗೆ ವಿಜ್ಞಾನದ ಉತ್ತರವನ್ನು ಹುಡುಕಿ, ಆ ಉತ್ತರವನ್ನು ರೈತನ ಕೈಗೆ ಸಿಗುವ ಔಷಧವನ್ನಾಗಿ ಮಾಡಿಕೊಟ್ಟವರು ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್.

ಕೋಲ್ಮನ್ ಅವರು ಜನಿಸಿದ್ದು 1878ರಲ್ಲಿ, ಕೆನಡಾ ದೇಶದ ಒಂಟಾರಿಯೋ ಪ್ರಾಂತದಲ್ಲಿ. ಟೊರಾಂಟೋ ವಿಶ್ವವಿದ್ಯಾಲಯದಲ್ಲಿ ಪದವಿಯನ್ನು ಪಡೆದ ಬಳಿಕ ಅವರು ಹೆಚ್ಚಿನ ವ್ಯಾಸಂಗಕ್ಕಾಗಿ ಜರ್ಮನಿಗೆ ತೆರಳಿದರು. ಅಲ್ಲಿನ ಗಟಿಂಗನ್ ವಿಶ್ವವಿದ್ಯಾಲಯದಲ್ಲಿ ಅವರು ಆರಿಸಿಕೊಂಡ ವಿಷಯ ಮಣ್ಣಿನಲ್ಲಿ ವಾಸಿಸುವ ಬ್ಯಾಕ್ಟೀರಿಯಗಳಿಗೆ ಸಂಬಂಧಿಸಿದುದು. ಮಣ್ಣಿನಲ್ಲಿರುವ ಸಾರಜನಕದ ಅಂಶವನ್ನು ಗಿಡಗಳು ಹೀರಿಕೊಳ್ಳಬಲ್ಲ ರೂಪಕ್ಕೆ ಪರಿವರ್ತಿಸುವ ಸೂಕ್ಷ್ಮಜೀವಿಗಳ ಮೇಲೆ ಅವರು ಪ್ರೌಢ ಪ್ರಬಂಧವನ್ನು ರಚಿಸಿ ಡಾಕ್ಟರೇಟ್ ಗಳಿಸಿದರು. ಕಣ್ಣಿಗೆ ಕಾಣದ ಜೀವಿಗಳು ಶಾಖ, ತೇವ, ಗಾಳಿಗಳಿಗೆ ಎಷ್ಟು ಬೇಗ ಸ್ಪಂದಿಸುತ್ತವೆ ಎಂಬ ಅರಿವು ಅವರಿಗೆ ಹೀಗೆ ತಾರುಣ್ಯದಲ್ಲಿಯೇ ಉಂಟಾಗಿತ್ತು.

1908ರಲ್ಲಿ ಮೈಸೂರು ಸರ್ಕಾರವು ಅವರನ್ನು ಶಿಲೀಂಧ್ರತಜ್ಞ ಹಾಗೂ ಕೀಟತಜ್ಞರ ಹುದ್ದೆಗೆ ನೇಮಿಸಿಕೊಂಡಿತು. ಆಗ ಅವರ ವಯಸ್ಸು ಮೂವತ್ತು. ನೆಲ ಹೊಸದು, ಜನ ಹೊಸಬರು, ಬೆಳೆಗಳೂ ಅವರು ಹುಟ್ಟಿಬೆಳೆದ ನಾಡಿನಲ್ಲಿ ಇಲ್ಲದವು. ಅಡಿಕೆ, ಕಾಫಿ, ರಾಗಿ, ಶ್ರೀಗಂಧ ಇವುಗಳ ರೋಗಗಳನ್ನು ಕುರಿತು ಆಗ ಇದ್ದ ಬರಹಗಳು ವಿರಳ. ಕೋಣೆಯಲ್ಲಿ ಕುಳಿತು ಪುಸ್ತಕವನ್ನು ತಿರುವಿ ಪರಿಹಾರ ಹೇಳುವಂತಿರಲಿಲ್ಲ. ಹೊಲ ತೋಟಗಳಿಗೆ ಹೋಗಿ, ಮಳೆಯಲ್ಲಿ ನಿಂತು, ಕೊಳೆತ ಕಾಯಿಯನ್ನು ಆರಿಸಿ ತಂದು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವುದೇ ದಾರಿಯಾಗಿತ್ತು.

ಮಲೆನಾಡಿನ ಅಡಿಕೆ ಬೆಳೆಗಾರನಿಗೆ ಕೊಳೆರೋಗವೆಂದರೆ ಕೇವಲ ಒಂದು ಪೀಡೆಯಲ್ಲ. ಅದು ಸಂಸಾರದ ಅಳಿವು ಉಳಿವಿನ ಪ್ರಶ್ನೆ. ಅಡಿಕೆಯು ವರ್ಷಕ್ಕೊಂದೇ ಫಸಲು ಕೊಡುವ ಬೆಳೆ. ಸಸಿ ನೆಟ್ಟು ಹಲವು ವರ್ಷ ಸಾಕಿದ ಮೇಲೆ ಮರ ಫಲ ಕೊಡತೊಡಗುತ್ತದೆ. ಮನೆಯ ಅಕ್ಕಿ, ಬಟ್ಟೆ, ಮದುವೆ, ಕಂದಾಯ, ಸಾಲದ ಬಡ್ಡಿ ಎಲ್ಲವೂ ಆ ಗೊನೆಗಳಲ್ಲಿಯೇ ತೂಗಾಡುತ್ತಿರುತ್ತವೆ. ಮುಂಗಾರು ಹಿಡಿದು ಎರಡು ಮೂರು ವಾರಗಳಾಗುವಷ್ಟರಲ್ಲಿ ಎಳೆಯ ಹಸುರು ಕಾಯಿಗಳ ತೊಟ್ಟಿನ ಬಳಿ ನೀರುಂಡಂತಹ ಕಲೆಗಳು ಮೂಡುತ್ತವೆ. ಕಾಯಿ ತನ್ನ ಹೊಳಪನ್ನು ಕಳೆದುಕೊಂಡು ಕಪ್ಪಾದ ಹಸುರು ಬಣ್ಣಕ್ಕೆ ತಿರುಗುತ್ತದೆ. ಬಳಿಕ ಕಾಯಿಗಳು ಒಂದೊಂದಾಗಿ, ಆಮೇಲೆ ರಾಶಿರಾಶಿಯಾಗಿ ಮರದ ಬುಡಕ್ಕೆ ಉದುರುತ್ತವೆ. ಉದುರಿದ ಕಾಯಿಗಳ ಮೇಲೆ ಬಿಳಿಯ ಬೂಸಲು ಹಬ್ಬುತ್ತದೆ. ರೋಗ ಉಲ್ಬಣಿಸಿದ ತೋಟಗಳಲ್ಲಿ ಅರ್ಧಕ್ಕೂ ಮಿಗಿಲಾದ ಫಸಲು ಕೆಲವೇ ವಾರಗಳಲ್ಲಿ ಮಣ್ಣುಪಾಲಾಗುತ್ತಿತ್ತು. ರೋಗ ಮರದ ಸುಳಿಗೆ ಇಳಿದರೆ ಮರವೇ ಸಾಯುತ್ತಿತ್ತು.

ಬೆಳೆಗಾರರು ಕೈಕಟ್ಟಿ ಕುಳಿತಿರಲಿಲ್ಲ. ಮಳೆಗಾಲಕ್ಕೆ ಮೊದಲು ಗೊನೆಗಳಿಗೆ ಕೊಟ್ಟೆ ಕಟ್ಟುವ ಪದ್ಧತಿ ಮಲೆನಾಡಿನಲ್ಲಿ ಹಿಂದಿನಿಂದ ಬಂದಿತ್ತು. ಕರಡದ ಹುಲ್ಲಿನಿಂದಲೋ ಅಡಿಕೆಯ ಹಾಳೆಯಿಂದಲೋ ಹೆಣೆದ ಆ ಹೊದಿಕೆಯು ಗೊನೆಗೆ ಗೊರಬೆಯಂತೆ ಆಸರೆಯಾಗುತ್ತಿತ್ತು. ಮಳೆಯ ನೀರು ತಾಗದ ಕಾಯಿಗೆ ಕೊಳೆ ಹತ್ತುವುದಿಲ್ಲವೆಂಬ ಸತ್ಯವನ್ನು ಮಲೆನಾಡಿಗರು ಅನುಭವದಿಂದ ಕಂಡುಕೊಂಡಿದ್ದರು. ಆದರೆ ಕೊಟ್ಟೆಗಳನ್ನು ಹೆಣೆಯಲು, ಪ್ರತಿಯೊಂದು ಮರವನ್ನೂ ಹತ್ತಿ ಪ್ರತಿಯೊಂದು ಗೊನೆಗೂ ಕಟ್ಟಲು ತಗಲುವ ಶ್ರಮ, ವೆಚ್ಚಗಳು ಅಪಾರ. ಸಣ್ಣ ಹಿಡುವಳಿದಾರನಿಗೆ ಅದು ನಿಲುಕುವಂತಹುದಲ್ಲ. ಅಲ್ಲದೆ ನೀರು ಕಾಯಿಗೆ ಏನು ಮಾಡುತ್ತದೆ ಎಂಬುದು ಯಾರಿಗೂ ತಿಳಿದಿರಲಿಲ್ಲ. ಮಳೆಯೇ ಕಾಯಿಯನ್ನು ಕೊಳೆಸುತ್ತದೆ ಎಂಬುದು ಸಾಮಾನ್ಯ ನಂಬಿಕೆಯಾಗಿತ್ತು.

ಕೋಲ್ಮನ್ ಅವರು ಕೊಳೆತ ಕಾಯಿಗಳಿಂದ ರೋಗಾಣುವನ್ನು ಬೇರ್ಪಡಿಸಿ ಪ್ರಯೋಗಶಾಲೆಯಲ್ಲಿ ಬೆಳೆಸಿದರು. ಅದನ್ನು ಆರೋಗ್ಯವಾದ ಕಾಯಿಗಳಿಗೆ ಸೋಂಕಿಸಿ, ಅದೇ ರೋಗ ಅವುಗಳಲ್ಲಿ ಮರುಹುಟ್ಟುವುದನ್ನು ಕಂಡರು. 1910ರಲ್ಲಿ ಅವರ ಸಂಶೋಧನೆ ಪ್ರಕಟವಾಯಿತು. ಕೊಳೆರೋಗಕ್ಕೆ ಕಾರಣ ಮಳೆಯಲ್ಲ, ಮಳೆಯನ್ನು ವಾಹನವನ್ನಾಗಿ ಮಾಡಿಕೊಂಡ ಒಂದು ಸೂಕ್ಷ್ಮಜೀವಿ ಎಂಬುದು ಸ್ಥಿರಪಟ್ಟಿತು. ಅದು ಫೈಟೊಫ್ತೊರಾ ಎಂಬ ಕುಲಕ್ಕೆ ಸೇರಿದುದು. ಗ್ರೀಕ್ ಭಾಷೆಯಲ್ಲಿ ಈ ಹೆಸರಿಗೆ ಸಸ್ಯನಾಶಕ ಎಂದು ಅರ್ಥ. 1845ರಿಂದ ಐರ್ಲೆಂಡಿನ ಆಲೂಗೆಡ್ಡೆ ಬೆಳೆಯನ್ನು ಕೊಳೆಸಿ, ಘೋರ ಕ್ಷಾಮಕ್ಕೆ ಕಾರಣವಾಗಿ, ಸುಮಾರು ಹತ್ತು ಲಕ್ಷ ಜನರ ಸಾವಿಗೆ ಎಡೆಮಾಡಿದುದು ಇದೇ ಕುಲದ ಇನ್ನೊಂದು ಜೀವಿ. ಅಂದು ಇದನ್ನು ಶಿಲೀಂಧ್ರವೆಂದು ಗಣಿಸುತ್ತಿದ್ದರು. ನಿಜವಾದ ಶಿಲೀಂಧ್ರಗಳಿಗಿಂತ ಇದು ನೀರಿನ ಪಾಚಿಗಳಿಗೆ ಹತ್ತಿರದ ಬಂಧುವೆಂದು ಇಂದಿನ ವಿಜ್ಞಾನ ತಿಳಿಸುತ್ತದೆ. ಅದರ ನಡವಳಿಕೆಯನ್ನು ನೋಡಿದರೆ ಈ ಬಂಧುತ್ವ ಆಶ್ಚರ್ಯವೆನಿಸದು.

ರೋಗ ಹಿಡಿದ ಕಾಯಿಯ ಮೇಲೆ ಈ ಜೀವಿಯು ಅತಿ ಸೂಕ್ಷ್ಮವಾದ ಬೀಜಕೋಶಗಳನ್ನು ಹೊರಡಿಸುತ್ತದೆ. ಮಳೆಹನಿಗಳು ಅವನ್ನು ಸಿಡಿಸುತ್ತವೆ. ಗಾಳಿ ಅವನ್ನು ಪಕ್ಕದ ಮರಕ್ಕೆ ಒಯ್ಯುತ್ತದೆ. ನೀರಿನ ತೆಳುವಾದ ಪೊರೆ ಹರಡಿರುವ ಕಾಯಿಯ ಮೇಲೆ ಬಿದ್ದ ಬೀಜಕೋಶವು ಒಡೆದು, ಅದರೊಳಗಿನಿಂದ ಚಲಿಸಬಲ್ಲ ಬೀಜಕಣಗಳು ಹೊರಬರುತ್ತವೆ. ಪ್ರತಿಯೊಂದಕ್ಕೂ ಚಾವಟಿಯಂತಹ ಎರಡು ಎಳೆಗಳು. ಅವನ್ನು ಬೀಸುತ್ತ ಆ ಕಣಗಳು ನೀರಿನಲ್ಲಿ ಈಜುತ್ತವೆ. ತಕ್ಕ ಸ್ಥಳ ದೊರೆತೊಡನೆ ನೆಲೆನಿಂತು, ಮೊಳಕೆಯೊಡೆದು ಕಾಯಿಯೊಳಗೆ ನುಗ್ಗುತ್ತವೆ. ಇದಕ್ಕೆ ಬೇಕಾದುದು ಕೆಲವು ಗಂಟೆಗಳ ಕಾಲ ಆರದೆ ಉಳಿಯುವ ತೇವ. ಗಾಳಿಯಲ್ಲಿನ ನೀರಾವಿಯ ಪ್ರಮಾಣ ನೂರಕ್ಕೆ ತೊಂಬತ್ತನ್ನು ಮೀರಿದಾಗ, ಶಾಖವು 20ರಿಂದ 23 ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪಾಗಿದ್ದಾಗ, ಮಳೆ ಬಿಸಿಲುಗಳು ಒಂದರ ಬೆನ್ನಿಗೆ ಒಂದು ಬರುತ್ತಿರುವಾಗ ಈ ರೋಗ ಕಾಡುಗಿಚ್ಚಿನಂತೆ ಹಬ್ಬುತ್ತದೆ. ಬಯಲುಸೀಮೆಯಲ್ಲಿ ಒಂದು ಮಳೆ ಬಿದ್ದ ಮೇಲೆ ಒಣಗಾಳಿ ಬೀಸಿ ಕಾಯಿಯ ಮೈ ಬೇಗ ಆರುತ್ತದೆ. ಈಜಲು ನೀರಿಲ್ಲದ ಬೀಜಕಣ ಅಲ್ಲಿಯೇ ಸಾಯುತ್ತದೆ. ಕಡೂರಿನ ಅಡಿಕೆಗೂ ಕೊಪ್ಪದ ಅಡಿಕೆಗೂ ಇದ್ದ ವ್ಯತ್ಯಾಸದ ಗುಟ್ಟು ಇದೇ.

ಈ ನಿಯಮವು ಕೊಳೆರೋಗವೊಂದಕ್ಕೇ ಸೀಮಿತವಾದುದಲ್ಲ. ಸಸ್ಯಗಳಿಗೆ ರೋಗ ತರುವ ಹಲವು ಬ್ಯಾಕ್ಟೀರಿಯಗಳ ಬಾಳೂ ಇದೇ ಬಗೆಯದು. ಎಲೆಯ ಗಟ್ಟಿಯಾದ ಹೊರಪೊರೆಯನ್ನು ಕೊರೆದು ಒಳಹೊಗುವ ಸಾಮರ್ಥ್ಯ ಅವಕ್ಕಿಲ್ಲ. ಎಲೆಯ ಉಸಿರುಗಂಡಿಗಳು ಅಥವಾ ಗಾಳಿಯ ಹೊಡೆತದಿಂದ ಉಂಟಾದ ಗಾಯಗಳೇ ಅವಕ್ಕೆ ಬಾಗಿಲು. ಆ ಬಾಗಿಲನ್ನು ತಲುಪಲು ನೀರಿನ ಪೊರೆಯೇ ಹಾದಿ. ನಿಂಬೆಯ ಕಜ್ಜಿರೋಗ, ಬತ್ತದ ಎಲೆ ಒಣಗಿಸುವ ಅಂಗಮಾರಿ, ಬಯಲುಸೀಮೆಯ ದಾಳಿಂಬೆ ತೋಟಗಳನ್ನು ಹಾಳುಗೆಡವಿದ ಅಂಗಮಾರಿ ಇವೆಲ್ಲ ಮಳೆಯೊಡನೆ ಉಲ್ಬಣಿಸುವ ಬ್ಯಾಕ್ಟೀರಿಯ ರೋಗಗಳು. ಒಣನಾಡಿನಲ್ಲಿಯೂ ಮಳೆಗಾಳಿಗಳು ಒಂದಾಗಿ ಬಂದು ಎಲೆಗಳ ಮೇಲೆ ತೇವ ನಿಂತರೆ ಅವು ಹಬ್ಬತೊಡಗುತ್ತವೆ. ರೋಗಾಣು, ಅದಕ್ಕೆ ಎಡೆಗೊಡುವ ಗಿಡ, ಅನುಕೂಲವಾದ ಹವೆ ಈ ಮೂರೂ ಕೂಡಿದಾಗಲೇ ರೋಗ. ಈ ಮೂರರಲ್ಲಿ ಒಂದನ್ನು ತಪ್ಪಿಸಿದರೂ ಬೆಳೆ ಉಳಿಯುತ್ತದೆ.

ಮಲೆನಾಡಿನ ಮಳೆಯನ್ನು ತಪ್ಪಿಸಲು ಯಾರಿಂದಲೂ ಸಾಧ್ಯವಿಲ್ಲ. ಆದ್ದರಿಂದ ಮಳೆಯೊಳಗೇ ರೋಗಾಣುವನ್ನು ಕೊಲ್ಲುವ ಉಪಾಯವನ್ನು ಕೋಲ್ಮನ್ ಅವರು ಅರಸಿದರು. ಫ್ರಾನ್ಸ್ ದೇಶದ ಬೋರ್ಡೋ ಪ್ರಾಂತದಲ್ಲಿ ದ್ರಾಕ್ಷಿಯ ಬೂಜುರೋಗವನ್ನು ತಡೆಯಲು ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಒಂದು ದ್ರಾವಣವನ್ನು ಲೋಕಕ್ಕೆ ತಿಳಿಸಿದ್ದನು. ಮೈಲುತುತ್ತ ಮತ್ತು ಸುಣ್ಣಗಳನ್ನು ನೀರಿನಲ್ಲಿ ಬೇರೆಬೇರೆಯಾಗಿ ಕರಗಿಸಿ, ಬಳಿಕ ಕೂಡಿಸಿದಾಗ ಉಂಟಾಗುವ ತಿಳಿನೀಲಿಯ ಮಿಶ್ರಣವದು. ಇದೇ ಬೋರ್ಡೋ ದ್ರಾವಣ. ಕಾಯಿಯ ಮೇಲೆ ಇದನ್ನು ಸಿಂಪಡಿಸಿದರೆ ತಾಮ್ರದ ಅಂಶವುಳ್ಳ ತೆಳುವಾದ ಲೇಪವೊಂದು ಅಂಟಿಕೊಳ್ಳುತ್ತದೆ. ಮಳೆಯ ನೀರಿನಲ್ಲಿ ಈಜಿ ಬಂದ ಬೀಜಕಣವು ಆ ತಾಮ್ರದ ಸೋಂಕಿನಿಂದ ಸಾಯುತ್ತದೆ. ರೋಗಾಣುವಿಗೆ ಹಾದಿಯಾದ ನೀರೇ ಅದಕ್ಕೆ ವಿಷವಾಗುವ ಬಗೆ ಇದು.

ಆದರೆ ದ್ರಾಕ್ಷಿಯ ಬಳ್ಳಿಗೆ ಹೊಂದಿದ ಔಷಧ ಮಲೆನಾಡಿನ ಅಡಿಕೆ ಮರಕ್ಕೆ ಹಾಗೆಯೇ ಹೊಂದುವಂತಿರಲಿಲ್ಲ. ಮೊದಲನೆಯದಾಗಿ, ಇಲ್ಲಿನ ಬಿರುಮಳೆ ಲೇಪವನ್ನು ತೊಳೆದುಹಾಕುತ್ತಿತ್ತು. ಅದಕ್ಕಾಗಿ ರಾಳ ಮತ್ತು ಸೋಡಾಗಳಿಂದ ಮಾಡಿದ ಅಂಟನ್ನು ದ್ರಾವಣಕ್ಕೆ ಸೇರಿಸುವ ಕ್ರಮ ರೂಢಿಗೆ ಬಂದಿತು. ಎರಡನೆಯದಾಗಿ, ನುಣುಪಾದ ನೀಳವಾದ ಮರದ ತುದಿಯಲ್ಲಿರುವ ಗೊನೆಗೆ ದ್ರಾವಣವನ್ನು ಮುಟ್ಟಿಸಬೇಕಾಗಿತ್ತು. ಮರ ಹತ್ತಿ ಗೊನೆ ಇಳಿಸುವುದರಲ್ಲಿ ನುರಿತ ಕೊನೆಗಾರನೇ ಈ ಹೊಸ ಕೆಲಸಕ್ಕೂ ಬೇಕಾದನು. ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಕಾಲ. ರೋಗಾಣು ಕಾಯಿಯೊಳಗೆ ಸೇರಿದ ಮೇಲೆ ಹೊರಗಿನ ಲೇಪದಿಂದ ಪ್ರಯೋಜನವಿಲ್ಲ. ಮಳೆಗಾಲ ಹಿಡಿಯುವುದಕ್ಕೆ ಮುಂಚೆಯೇ ಒಮ್ಮೆ ಸಿಂಪಡಿಸಿ, ನಲವತ್ತು ನಲವತ್ತೈದು ದಿನಗಳ ಅನಂತರ ಮಳೆಯ ಬಿಡುವನ್ನು ನೋಡಿ ಮತ್ತೊಮ್ಮೆ ಸಿಂಪಡಿಸುವುದು ಇಂದಿಗೂ ಅನುಸರಿಸುವ ಕ್ರಮ. ಕಾಯಿಗಳು ಕೊಳೆಯದೆ ಹಸುರಾಗಿರುವಾಗ, ಆಕಾಶ ತಿಳಿಯಾಗಿರುವಾಗ ಹಣ ವ್ಯಯಮಾಡಿ ಔಷಧ ಹೊಡೆಯಿರಿ ಎಂದು ರೈತನನ್ನು ಒಪ್ಪಿಸುವುದು ಸುಲಭವಾದ ಕೆಲಸವಾಗಿರಲಿಲ್ಲ.

ದ್ರಾವಣವನ್ನು ಮಾಡುವುದರಲ್ಲಿಯೂ ಎಚ್ಚರ ಬೇಕು. ಈಗ ಬಳಕೆಯಲ್ಲಿರುವ ಪ್ರಮಾಣದಂತೆ ಒಂದು ಕಿಲೋಗ್ರಾಂ ಮೈಲುತುತ್ತ, ಒಂದು ಕಿಲೋಗ್ರಾಂ ಸುಣ್ಣ, ನೂರು ಲೀಟರ್ ನೀರು ಸೇರಿದರೆ ನೂರಕ್ಕೆ ಒಂದರ ಬೋರ್ಡೋ ದ್ರಾವಣವಾಗುತ್ತದೆ. ಕಬ್ಬಿಣದ ಪಾತ್ರೆಯಲ್ಲಿ ಇದನ್ನು ಕಲಸಬಾರದು. ಸುಣ್ಣ ಸಾಲದೆ ಹೋದರೆ ದ್ರಾವಣ ಎಳೆಯ ಕಾಯಿಯನ್ನು ಸುಡುತ್ತದೆ. ಇದನ್ನು ತಿಳಿಯಲು ರೈತನಿಗೆ ಪ್ರಯೋಗಶಾಲೆ ಬೇಕಾಗಿಲ್ಲ. ಉಜ್ಜಿ ಹೊಳಪೇರಿಸಿದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪನೆಯ ತಾಮ್ರ ಕೂತಿದ್ದರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಅಲಗು ಹಾಗೆಯೇ ಹೊಳೆಯುತ್ತಿದ್ದರೆ ದ್ರಾವಣ ಸಿದ್ಧವಾದಂತೆ.

ಔಷಧದಷ್ಟೇ ಮುಖ್ಯವಾದುದು ತೋಟದ ಶುಚಿತ್ವ. ಉದುರಿದ ಕಾಯಿಗಳಲ್ಲಿಯೂ ಮರದಲ್ಲಿಯೇ ಒಣಗಿ ಉಳಿದ ರೋಗದ ಗೊನೆಗಳಲ್ಲಿಯೂ ರೋಗಾಣು ಮುಂದಿನ ಮಳೆಗಾಲವನ್ನು ಕಾಯುತ್ತಿರುತ್ತದೆ. ಅವನ್ನು ಆರಿಸಿ ಸುಡಬೇಕು. ಒಬ್ಬನು ತನ್ನ ತೋಟಕ್ಕೆ ಔಷಧ ಹೊಡೆದು, ನೆರೆಯವನು ಸುಮ್ಮನಿದ್ದರೆ ಗಾಳಿಮಳೆಗಳು ರೋಗವನ್ನು ಬೇಲಿಯಾಚೆಯಿಂದ ಮತ್ತೆ ತರುತ್ತವೆ. ಕೊಳೆರೋಗಕ್ಕೆ ಬೇಲಿಯ ಭೇದವಿಲ್ಲ. ಊರೆಲ್ಲ ಒಂದಾಗಿ ಮಾಡಿದ ಕೆಲಸದಿಂದಲೇ ಅದಕ್ಕೆ ತಡೆ. ಕಾಲಕ್ರಮದಲ್ಲಿ ಬೋರ್ಡೋ ಸಿಂಪಡಣೆಯು ಮಲೆನಾಡಿನ ಬೇಸಾಯದ ಒಂದು ಸಹಜ ಅಂಗವಾಗಿಬಿಟ್ಟಿತು. ಅದು ಪರದೇಶದಿಂದ ಬಂದ ವಿದ್ಯೆಯೆಂಬುದನ್ನೇ ಜನ ಮರೆಯುವಷ್ಟು ಅದು ತಮ್ಮದಾಯಿತು. ವಿಜ್ಞಾನಿಯೊಬ್ಬನಿಗೆ ಇದಕ್ಕಿಂತ ದೊಡ್ಡ ಮನ್ನಣೆ ಯಾವುದಿದ್ದೀತು!

1913ರಲ್ಲಿ ಕೋಲ್ಮನ್ ಅವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದರು. ಆಗ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆಯು ಪ್ರಾರಂಭವಾಯಿತು. ಈ ಶಾಲೆಯೇ ಬೆಳೆದು 1946ರಲ್ಲಿ ಕಾಲೇಜಾಯಿತು; 1964ರಲ್ಲಿ ಸ್ಥಾಪಿತವಾದ ಕೃಷಿ ವಿಶ್ವವಿದ್ಯಾಲಯಕ್ಕೆ ತಳಹದಿಯಾಯಿತು. ಕೀಟಗಳ ಅಧ್ಯಯನದಲ್ಲಿಯೂ ಕೋಲ್ಮನ್ ಅವರು ಹಿಂದೆ ಬೀಳಲಿಲ್ಲ. ಜೋಳದ ಬೆಳೆಯನ್ನು ತಿಂದು ಹಾಕುತ್ತಿದ್ದ ರೆಕ್ಕೆಯಿಲ್ಲದ ಮಿಡತೆಯೊಂದರ ಕುಲಕ್ಕೆ ಅವರ ಹೆಸರಿನಿಂದಲೇ ಕೋಲ್ಮೇನಿಯ ಎಂದು ನಾಮಕರಣವಾಗಿದೆ. ಭಾರತೀಯ ಸಹೋದ್ಯೋಗಿಗಳನ್ನು ಅವರು ತಮ್ಮ ಸಂಶೋಧನೆಯಲ್ಲಿ ಜೊತೆಗೂಡಿಸಿಕೊಂಡರು. ಕೀಟತಜ್ಞ ಕುಂಞಿಕಣ್ಣನ್ ಅವರೊಡನೆ ಸೇರಿ ಬತ್ತದ ಮಿಡತೆಯ ಮೇಲೂ ಕಾಫಿಯ ಕೀಟಗಳ ಮೇಲೂ ಗ್ರಂಥಗಳನ್ನು ಪ್ರಕಟಿಸಿದರು. ಅವರು ತೆರೆದ ಹಾದಿಯಲ್ಲಿಯೇ ಮುಂದುವರಿದ ಎಂ. ಜೆ. ನರಸಿಂಹನ್ ಅವರು ಮೈಸೂರು ಸೀಮೆಯ ಫೈಟೊಫ್ತೊರಾ ಜೀವಿಗಳ ಸಂತಾನೋತ್ಪತ್ತಿಯನ್ನು ಕುರಿತು ಮಹತ್ತ್ವದ ಸಂಶೋಧನೆ ನಡೆಸಿದರು.

ಎಲ್ಲ ರೋಗಗಳೂ ಕೋಲ್ಮನ್ ಅವರಿಗೆ ಕೊಳೆರೋಗದಂತೆ ತಮ್ಮ ಗುಟ್ಟನ್ನು ಬಿಟ್ಟುಕೊಡಲಿಲ್ಲ. 1899ರಲ್ಲಿ ಕೊಡಗಿನಲ್ಲಿ ಮೊದಲು ಕಾಣಿಸಿಕೊಂಡ ಶ್ರೀಗಂಧದ ಸ್ಪೈಕ್ ರೋಗವು ಮೈಸೂರಿನ ಕಾಡುಗಳಿಗೂ ಹಬ್ಬಿ ಸಂಸ್ಥಾನದ ಬೊಕ್ಕಸಕ್ಕೇ ಗಂಡಾಂತರ ತಂದಿತ್ತು. ರೋಗ ಹಿಡಿದ ಮರದ ಎಲೆಗಳು ಕಿರಿದಾಗಿ, ಮುಳ್ಳಿನಂತೆ ಸೆಟೆದು, ಕೊನೆಗೆ ಮರ ಒಣಗುತ್ತಿತ್ತು. ಇದಕ್ಕೆ ಮಳೆಯ ನಂಟು ಕಾಣಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಯಾವ ರೋಗಾಣುವೂ ಗೋಚರಿಸಲಿಲ್ಲ. ರೋಗದ ಮರದ ಕೊಂಬೆಯನ್ನು ಆರೋಗ್ಯದ ಮರಕ್ಕೆ ಕಸಿ ಕಟ್ಟಿದಾಗ ರೋಗ ಅಂಟುತ್ತದೆಂಬುದನ್ನು ಕೋಲ್ಮನ್ ಅವರು ಪ್ರಯೋಗದಿಂದ ತೋರಿಸಿ 1917ರಲ್ಲಿ ಪ್ರಕಟಿಸಿದರು. ಅದು ಸಾಂಕ್ರಾಮಿಕವೆಂಬುದು ಇದರಿಂದ ಖಚಿತವಾಯಿತು. ಕಾರಣ ಮಾತ್ರ ಮರೆಯಲ್ಲಿಯೇ ಉಳಿಯಿತು. 1969ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ ವಿಜ್ಞಾನಿಗಳು ಆ ಕಾರಣವನ್ನು ಕಂಡರು. ಅದು ಕೋಶಭಿತ್ತಿಯಿಲ್ಲದ ಒಂದು ಬಗೆಯ ಬ್ಯಾಕ್ಟೀರಿಯ. ಗಿಡದ ಆಹಾರನಾಳಗಳೊಳಗೆ ವಾಸಿಸುವ ಅದು ರಸ ಹೀರುವ ಕೀಟಗಳ ಮೂಲಕ ಮರದಿಂದ ಮರಕ್ಕೆ ಸಾಗುತ್ತದೆ. ಅದಕ್ಕೆ ಎಲೆಯ ಮೇಲಿನ ನೀರಿನ ಹಾದಿ ಬೇಡ. ಬ್ಯಾಕ್ಟೀರಿಯಗಳೆಲ್ಲ ಮಳೆಯನ್ನೇ ಕಾಯುವುದಿಲ್ಲ; ರೋಗ ಸಾಗುವ ಬಗೆಯನ್ನು ಅರಿಯದೆ ಔಷಧವನ್ನು ಹೇಳಲಾಗದು ಎಂಬ ಪಾಠವನ್ನು ಈ ಎರಡು ರೋಗಗಳೂ ಒಟ್ಟಾಗಿ ಕಲಿಸುತ್ತವೆ.

ಕಡೂರು ಜಿಲ್ಲೆಯ ಮತ್ತೊಂದು ಸಂಪತ್ತಾದ ಕಾಫಿಗೂ ತೇವದ ಬಾಧೆ ತಪ್ಪಿರಲಿಲ್ಲ. ಎಲೆಗಳ ಮೇಲೆ ಕಿತ್ತಳೆ ಬಣ್ಣದ ಪುಡಿ ಎರಚಿದಂತೆ ಕಾಣುವ ತುಕ್ಕುರೋಗವೂ ಎಲೆಗಳನ್ನು ಕಪ್ಪಾಗಿ ಕೊಳೆಸುವ ಇನ್ನೊಂದು ಕೊಳೆರೋಗವೂ ಮಳೆಗಾಲದ ಕೊಡುಗೆಗಳೇ. ತುಕ್ಕುರೋಗವು ಹತ್ತೊಂಬತ್ತನೆಯ ಶತಮಾನದಲ್ಲಿ ಸಿಂಹಳದ ಕಾಫಿ ಬೇಸಾಯವನ್ನೇ ನಿರ್ಮೂಲ ಮಾಡಿತ್ತು. ಮೈಸೂರು ಸರ್ಕಾರವು 1915ರಲ್ಲಿ ಕೊಪ್ಪದಲ್ಲಿ ಕಾಫಿ ಸಂಶೋಧನೆಯ ತಾತ್ಕಾಲಿಕ ಘಟಕವೊಂದನ್ನು ತೆರೆಯಿತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರವು ಸ್ಥಾಪನೆಯಾಯಿತು. ಅದರ ಹಿಂದಿನ ಪ್ರೇರಕಶಕ್ತಿ ಕೋಲ್ಮನ್ ಅವರೇ. ಅದೇ ಇಂದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿ ಬೆಳೆದಿದ್ದು, 2025ಕ್ಕೆ ನೂರು ವರ್ಷಗಳನ್ನು ಪೂರೈಸಿದೆ.

ಬಯಲುಸೀಮೆಯನ್ನೂ ಅವರು ಮರೆಯಲಿಲ್ಲ. ಕನ್ನಂಬಾಡಿಯ ನೀರು ಮಂಡ್ಯದ ನೆಲಕ್ಕೆ ಹರಿಯತೊಡಗಿದಾಗ ಅಲ್ಲಿ ಕಬ್ಬನ್ನು ಬೆಳೆದು ಸಕ್ಕರೆಯ ಕಾರ್ಖಾನೆಯನ್ನು ಸ್ಥಾಪಿಸುವ ಯೋಜನೆಗೆ ಅವರು ಹೆಗಲು ಕೊಟ್ಟರು. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿಯು ಅಸ್ತಿತ್ವಕ್ಕೆ ಬಂದಿತು. ಅದರ ಮರುವರ್ಷ, 1934ರಲ್ಲಿ, ಅವರು ನಿವೃತ್ತರಾಗಿ ಸ್ವದೇಶಕ್ಕೆ ಮರಳಿದರು. ವಿಶ್ರಾಂತಿಯ ವಯಸ್ಸಿನಲ್ಲಿಯೂ ಸೂಕ್ಷ್ಮದರ್ಶಕ ಅವರ ಕೈಬಿಡಲಿಲ್ಲ. ಸಸ್ಯಕೋಶಗಳೊಳಗಿನ ವರ್ಣತಂತುಗಳ ಮೇಲೆ ಸಂಶೋಧನೆಯನ್ನು ಮುಂದುವರಿಸಿ, 1954ರಲ್ಲಿ ಕಾಲವಶರಾದರು.

ಕೊಳೆರೋಗ ನಿರ್ಮೂಲವಾಗಿಲ್ಲ. 2018ರಂತಹ ಅತಿವೃಷ್ಟಿಯ ವರ್ಷಗಳಲ್ಲಿ, ಎರಡನೆಯ ಸಿಂಪಡಣೆಗೆ ಮಳೆ ಬಿಡುವು ಕೊಡದಾಗ, ಅದು ತನ್ನ ಹಳೆಯ ಉಗ್ರರೂಪವನ್ನು ತೋರಿಸಿದೆ. ತೇವವೇ ಅದರ ಜೀವಾಳವಾಗಿರುವುದರಿಂದ ಮಲೆನಾಡು ಇರುವವರೆಗೂ ಅದರ ಭಯವೂ ಇದ್ದೇ ಇರುತ್ತದೆ. ಆದರೆ ಇಂದಿನ ಬೆಳೆಗಾರ ಒಂದು ಶತಮಾನದ ಹಿಂದಿನವನಂತೆ ನಿಸ್ಸಹಾಯಕನಲ್ಲ. ತನ್ನ ಶತ್ರು ಯಾರು, ಅವನು ಯಾವ ಹಾದಿಯಿಂದ ಬರುತ್ತಾನೆ, ಯಾವಾಗ ಬರುತ್ತಾನೆ ಎಂಬುದನ್ನು ಅವನು ಬಲ್ಲ. ಮೇ ತಿಂಗಳ ಕೊನೆಯಲ್ಲಿ ಮೋಡಗಳು ಪಶ್ಚಿಮದ ಬೆಟ್ಟಗಳ ಮೇಲೆ ಕವಿಯತೊಡಗಿದಾಗ ಮಲೆನಾಡಿನ ತೋಟಗಳಲ್ಲಿ ಕೊನೆಗಾರರು ಮರವೇರುತ್ತಾರೆ. ಗೊನೆಗಳ ಮೇಲೆ ತಿಳಿನೀಲಿಯ ತುಂತುರು ಬೀಳುತ್ತದೆ. ದೂರದ ಕೆನಡಾದಿಂದ ಬಂದು ಕನ್ನಡನಾಡಿನ ಮಳೆಯಲ್ಲಿ ನೆನೆದು ಕಲಿತ ಆ ವಿಜ್ಞಾನಿಯ ಸ್ಮಾರಕ ವರ್ಷವರ್ಷವೂ ಹೀಗೆ ನವೀಕರಣಗೊಳ್ಳುತ್ತಿದೆ.